ಮರದ ಧೂಳಿಗೆ ಯಾವ ಮಾಸ್ಕ್? ಮನೆಯಲ್ಲೇ ಮರಗೆಲಸ ಮಾಡುವವರಿಗೆ

ಇವತ್ತು ರಾತ್ರಿ ಒಂದು ಕೆಲಸ ಮಾಡಿ ನೋಡಿ. ನೀವು ಮರಗೆಲಸ ಮಾಡುವ ಜಾಗ ಹಿತ್ತಲ ಶೆಡ್ ಇರಬಹುದು, ಕಾರ್ ನಿಲ್ಲಿಸುವ ಜಾಗದ ಒಂದು ಮೂಲೆ ಇರಬಹುದು. ಅಲ್ಲಿ ಮಾಸ್ಕ್ ಹಾಕಿಕೊಂಡು ಒಂದು ಹಲಗೆಗೆ ಐದು ನಿಮಿಷ ಸ್ಯಾಂಡರ್ (ಮರ ಉಜ್ಜಿ ನುಣುಪು ಮಾಡುವ ಯಂತ್ರ) ಹಿಡಿಯಿರಿ. ಆಫ್ ಮಾಡಿ, ಒಳಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ವಾಪಸ್ ಬಂದು ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಅಡ್ಡಕ್ಕೆ ಹಿಡಿದು ಪಕ್ಕದಿಂದ ನೋಡಿ. ಬೆಳಕಿನ ಪಟ್ಟೆಯಲ್ಲಿ ಧೂಳು ಇನ್ನೂ ತೇಲಾಡುತ್ತಿರುತ್ತದೆ. ಲೈಟ್ ಹಾಕಿದ ತಕ್ಷಣ ಮಾಯ. ಗಾಳಿ ಚೊಕ್ಕವಾಗಿದೆ ಅಂತ ಅನ್ನಿಸುತ್ತದೆ. ನಮ್ಮಲ್ಲಿ ಹೆಚ್ಚಿನವರು ಮಾಸ್ಕ್ ಕಿತ್ತು ಪಕ್ಕಕ್ಕಿಟ್ಟು ಪೊರಕೆ ಹಿಡಿಯೋದು ಸರಿಯಾಗಿ ಆ ಹೊತ್ತಿಗೇ.

ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಚಿಕ್ಕವನಿದ್ದಾಗ ನಮ್ಮ ಮನೆಗೆ ಬರುತ್ತಿದ್ದ ಆಚಾರಿಗಳು ಮೂಗಿಗೆ ಟವೆಲ್ ಸುತ್ತಿಕೊಂಡು ಕೆಲಸ ಮಾಡುತ್ತಿದ್ದರು. ನಾನೂ ಟವೆಲ್‌ನಿಂದ ಶುರು ಮಾಡಿ, ಸರ್ಜಿಕಲ್ ಮಾಸ್ಕಿಗೆ ಬಂದು, ಆಮೇಲೆ ಕಿವಿಗೆ ಸಿಕ್ಕಿಸುವ ಮಾಸ್ಕಿಗೆ ಬಂದೆ. ಒಂದು ಸಲ ಹಲಸಿನ ಹಲಗೆಯ ಊಟದ ಮೇಜಿಗೆ ಅರ್ಧ ದಿನ ಸ್ಯಾಂಡರ್ ಹಿಡಿದು, ಮಾಸ್ಕ್ ತೆಗೆದು ಕನ್ನಡಿ ನೋಡಿದೆ. ಮೂಗಿನ ಎರಡೂ ಪಕ್ಕದಲ್ಲಿ, ಕಣ್ಣಿನ ಮೂಲೆಯಿಂದ ಕೆಳಕ್ಕೆ, ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಹಳದಿ ಧೂಳಿನ ಗೆರೆ. ಮಾಸ್ಕಿನ ಒಳಗೂ ಅದೇ ಜಾಗದಲ್ಲಿ ಅದೇ ಗೆರೆ. ಪ್ಯಾಕೆಟ್ ಮೇಲೆ ಎನ್95 ಅಂತ ದೊಡ್ಡದಾಗಿ ಬರೆದಿತ್ತು. ಬಟ್ಟೆಯೇನೋ ಧೂಳು ಸೋಸುತ್ತಿತ್ತು, ಆದರೆ ಗಾಳಿ ಬಟ್ಟೆಯ ಮೂಲಕ ಬರದೆ ಮೂಗಿನ ಪಕ್ಕದ ಸಂದಿನಿಂದ ನುಗ್ಗುತ್ತಿತ್ತು. ಮಾಸ್ಕ್ ಆರಿಸುವವರು ನೆನಪಿಡಬೇಕಾದ ಮೊದಲ ಮಾತು ನನ್ನ ಪ್ರಕಾರ ಇದೇ. ಫಿಲ್ಟರಿನ ನಂಬರ್ ಆಮೇಲೆ ನೋಡೋಣ, ಮುಖಕ್ಕೆ ಕೂರುತ್ತಾ ಅಂತ ಮೊದಲು ನೋಡಬೇಕು.

ಯಾವ ಧೂಳಿಗೆ ಹೆದರಬೇಕು

ಗರಗಸದ ಕೆಳಗೆ ಗುಡ್ಡೆ ಬೀಳುವ ಹೊಟ್ಟು ಅಷ್ಟೇನೂ ತೊಂದರೆಯದ್ದಲ್ಲ, ಅದು ಭಾರ, ಕೆಳಗೆ ಬೀಳುತ್ತದೆ. ತೊಂದರೆ ಇರೋದು ತೇಲುವ ಧೂಳಿನಲ್ಲಿ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತ ಇಟ್ಟುಕೊಳ್ಳಿ. 100 ಮೈಕ್ರಾನ್‌ವರೆಗಿನ ಕಣ ಮೂಗು ಬಾಯಿಗಳ ಒಳಗೆ ಹೋಗಬಹುದು. ದೊಡ್ಡವು ಮೂಗಿನಲ್ಲೇ ಸಿಕ್ಕಿಬೀಳುತ್ತವೆ. 10 ಮೈಕ್ರಾನ್‌ಗಿಂತ ಸಣ್ಣವು ಶ್ವಾಸನಾಳಕ್ಕೆ ಇಳಿಯುತ್ತವೆ, ನಾಲ್ಕೈದು ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ತಳಕ್ಕೇ ಹೋಗುತ್ತವೆ.

ಮೂಗಿನಲ್ಲೇ ಸಿಕ್ಕಿಬಿದ್ದರೆ ಒಳ್ಳೇದಲ್ವಾ ಅಂತ ಅನ್ನಿಸಬಹುದು. ಇಂಗ್ಲೆಂಡಿನ ಬಕಿಂಗ್‌ಹ್ಯಾಂಶೈರಿನಲ್ಲಿ ಹೈ ವಿಕಂಬ್ ಅಂತ ಒಂದು ಊರಿದೆ. ಕುರ್ಚಿ ಮಾಡುವುದಕ್ಕೆ ಹೆಸರಾದ ಊರು. 1960ರ ದಶಕದಲ್ಲಿ ಅಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಕಿವಿ ಮೂಗು ಗಂಟಲು ವೈದ್ಯೆಗೆ ಒಂದು ವಿಷಯ ಕಣ್ಣಿಗೆ ಬಿತ್ತು. ತುಂಬಾ ಅಪರೂಪದ ಒಂದು ಬಗೆಯ ಮೂಗಿನ ಕ್ಯಾನ್ಸರ್ ಪೀಠೋಪಕರಣ ಮಾಡುವ ಕೆಲಸಗಾರರಲ್ಲೇ ಮತ್ತೆ ಮತ್ತೆ ಬರುತ್ತಿತ್ತು. ಅವರು, ಡೊನಾಲ್ಡ್ ಆಚೆಸನ್ ಮತ್ತು ಇನ್ನಿಬ್ಬರು ಸೇರಿ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ಬರೆದರು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಒಂದನೇ ಗುಂಪಿಗೆ ಸೇರಿಸಿತು, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ.

ಹೆದರಿ ಹತಾರ ಕೆಳಗಿಡಬೇಡಿ. ಆ ಕಾಯಿಲೆ ಕಂಡದ್ದು ವರ್ಷಗಟ್ಟಲೆ, ದಿನವಿಡೀ ಧೂಳಿನಲ್ಲಿ ನಿಂತವರಲ್ಲಿ. ಭಾನುವಾರ ಎರಡು ಗಂಟೆ ಕೆಲಸ ಮಾಡುವ ನಮಗೆ ಹತ್ತಿರದ ತೊಂದರೆ ಬೇರೆ. ಮೂಗು ಕಟ್ಟುವುದು, ನಿಲ್ಲದ ಸೀನು, ರಾತ್ರಿ ಒಣ ಕೆಮ್ಮು, ಅಲರ್ಜಿ, ಆಸ್ತಮಾ. ಅಲರ್ಜಿಯ ಸ್ವಭಾವವೇ ಕೆಟ್ಟದ್ದು, ಇಷ್ಟು ದಿನ ಏನೂ ಆಗಲಿಲ್ಲ ಅನ್ನುವ ಧೈರ್ಯಕ್ಕೆ ಅದರ ಮುಂದೆ ಬೆಲೆ ಇಲ್ಲ. ವರ್ಷಗಳ ಕಾಲ ಸುಮ್ಮನಿದ್ದು ಒಂದು ದಿನ ತಲೆ ಎತ್ತುತ್ತದೆ, ಆಮೇಲೆ ಚೂರು ಧೂಳಿಗೂ ಕೆರಳುತ್ತದೆ. ತೇಗ, ಬೀಟೆ, ಕಾಫಿ ತೋಟಗಳ ಸಿಲ್ವರ್ ಓಕ್ ಇವು ಮೂರೂ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ನಮ್ಮ ಭಾವನಿಗೆ ಬೀಟೆ ಧೂಳು ಮೊಣಕೈಗೆ ತಾಗಿದರೆ ಸಂಜೆಗೆ ಕೆಂಪು ದದ್ದು. ಹೊರಗಿನ ಚರ್ಮಕ್ಕೇ ಹೀಗಾದರೆ ಒಳಗಿನ ಮೆತ್ತನೆ ಪದರದ ಕತೆ ಏನು ಯೋಚಿಸಿ.

ಎಷ್ಟು ಧೂಳು ಅಂದರೆ ಜಾಸ್ತಿ? ಗಟ್ಟಿ ಮರದ ಧೂಳಿಗೆ ಬ್ರಿಟನ್ ಇಟ್ಟಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ 3 ಮಿಲಿಗ್ರಾಂ, ಯುರೋಪಿಯನ್ ಒಕ್ಕೂಟದಲ್ಲಿ 2023ರಿಂದ 2 ಮಿಲಿಗ್ರಾಂ. ಇವು ಎಂಟು ಗಂಟೆಯ ಸರಾಸರಿ ಲೆಕ್ಕ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ ತೆಗೆದುಕೊಳ್ಳಿ, ಅದರಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಬ್ರಿಟನ್ನಿನ ಮಿತಿ ತಲುಪಲು ಆ ಇಡೀ ಕೋಣೆಯಲ್ಲಿ 85 ಮಿಲಿಗ್ರಾಂನಷ್ಟು ಧೂಳು ತೇಲಿದರೆ ಸಾಕು. ಒಂದು ಚಿಟಿಕೆ ಉಪ್ಪು ಇದಕ್ಕಿಂತ ಜಾಸ್ತಿ ತೂಗುತ್ತದೆ.

ಮೊದಲು ನಿಮ್ಮ ಕೆಲಸ ಯಾವುದು ನೋಡಿ

ಹತ್ತರಿ, ಉಳಿ, ಕೈಗರಗಸದ ಕೆಲಸಕ್ಕೆ ಮಾಸ್ಕ್ ಬೇಕೇ ಬೇಕು ಅಂತ ನಾನು ಹೇಳುವುದಿಲ್ಲ. ಹತ್ತರಿ ಹೊಡೆದಾಗ ಬರೋದು ಸುರುಳಿ ಸುರುಳಿ ಸಿಪ್ಪೆ, ಅದು ತೇಲುವುದಿಲ್ಲ. ಅದಕ್ಕೇ ಆದಷ್ಟು ಕೆಲಸ ಹತ್ತರಿಯಲ್ಲಿ, ಕೈಯಲ್ಲಿ ಹಿಡಿಯುವ ಉಕ್ಕಿನ ಸ್ಕ್ರೇಪರಿನಲ್ಲಿ ಮುಗಿಸಿ ಸ್ಯಾಂಡಿಂಗ್ ಕಡಿಮೆ ಮಾಡಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಸ್ಯಾಂಡರ್, ಸರ್ಕ್ಯುಲರ್ ಸಾ, ರೌಟರ್, ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜುವುದು, ಲೇತ್ ಮೇಲೆ ಬೊಂಬೆ ಬಟ್ಟಲುಗಳಿಗೆ ಸ್ಯಾಂಡ್ ಪೇಪರ್ ಹಿಡಿಯುವುದು, ಇವೆಲ್ಲ ಮಾಸ್ಕ್ ಇಲ್ಲದೆ ಮಾಡಬಾರದ ಕೆಲಸಗಳು. ಸ್ಯಾಂಡ್ ಪೇಪರಿನ ನಂಬರ್ ಏರಿದ ಹಾಗೆ ಧೂಳು ಇನ್ನೂ ನುಣುಪಾಗುತ್ತದೆ. 80ರಲ್ಲಿ ಬರುವ ಪುಡಿ ಕೈಗೆ ಸಿಗುತ್ತದೆ, 220ರಲ್ಲಿ ಬರೋದು ಟಾಲ್ಕಮ್ ಪೌಡರ್ ಇದ್ದ ಹಾಗೆ.

ಎಂಡಿಎಫ್ ಬಗ್ಗೆ ಬೇರೆಯಾಗೇ ಹೇಳಬೇಕು. ಅದು ಮೊದಲೇ ನುಣ್ಣಗೆ ನಾರಾಗಿಸಿದ ಮರವನ್ನು ಅಂಟು ಹಾಕಿ ಒತ್ತಿದ ಹಲಗೆ. ಕುಯ್ದರೆ ಸಿಪ್ಪೆ ಬರುವುದೇ ಇಲ್ಲ, ಪೂರ್ತಿ ಹಿಟ್ಟು. ಸಾಮಾನ್ಯವಾಗಿ ಆ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಅದೂ ಒಂದನೇ ಗುಂಪಿನದ್ದೇ. ಅಡುಗೆಮನೆ ಕಪಾಟಿಗೆ ನಾಲ್ಕು ಶೀಟ್ ಎಂಡಿಎಫ್ ಕುಯ್ಯೋದಿದ್ದರೆ ಅಂಗಡಿಯಲ್ಲೇ ಪ್ಯಾನೆಲ್ ಸಾ ಮೇಲೆ ಅಳತೆಗೆ ಕುಯ್ಯಿಸಿಕೊಂಡು ಬರೋದು ಒಳ್ಳೇದು. ಮನೆಯಲ್ಲೇ ಕುಯ್ಯಬೇಕಾದರೆ ಅಂಗಳಕ್ಕೆ ಬನ್ನಿ.

ಮಾಸ್ಕಿಗಿಂತ ಮುಂಚೆ ಮಾಡಬೇಕಾದ್ದು

ಮಾಸ್ಕ್ ಕೊನೆಯ ಬಾಗಿಲು. ಧೂಳನ್ನು ಹುಟ್ಟಿದ ಜಾಗದಲ್ಲೇ ಹಿಡಿಯೋದು ಮೊದಲ ಬಾಗಿಲು. ನೀವು ಮಾಸ್ಕ್ ಹಾಕಿಕೊಂಡಿರುತ್ತೀರಿ ಸರಿ, ಒಳಗೆ ಆಡುತ್ತಿರುವ ಮಗುವಿಗೆ, ಮೊದಲೇ ಉಬ್ಬಸ ಇರುವ ಅಜ್ಜಿಗೆ ಮಾಸ್ಕ್ ಎಲ್ಲಿದೆ?

ಸ್ಯಾಂಡರಿನ ಹಿಂದೆ ಇರುವ ಸಣ್ಣ ಚೀಲ ಸಾಲದು. ಅದನ್ನು ಕಿತ್ತು ಅಲ್ಲಿಗೆ ವ್ಯಾಕ್ಯೂಮ್ ಕ್ಲೀನರಿನ ಪೈಪ್ ಸಿಕ್ಕಿಸಿ. ಅಳತೆ ಹೊಂದದಿದ್ದರೆ ಸೈಕಲ್ ಟ್ಯೂಬಿನ ತುಂಡು ಹಾಕಿ ಬಿಗಿ ಮಾಡಿದರೂ ನಡೆಯುತ್ತದೆ. ಆದರೆ ಮಾಮೂಲಿ ವ್ಯಾಕ್ಯೂಮ್ ದಪ್ಪ ಪುಡಿಯನ್ನು ಹಿಡಿದು ನುಣುಪು ಧೂಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ, ಆದ್ದರಿಂದ ಒಳಗೆ ಚೀಲ ಮತ್ತು ನುಣುಪು ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನು ನೋಡಿ ತೆಗೆದುಕೊಳ್ಳಿ. ಇದಾಗದಿದ್ದರೆ ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಟ್ಟು, ನಿಮ್ಮ ಬೆನ್ನ ಕಡೆಯಿಂದ ಗಾಳಿ ಬರುವ ಹಾಗೆ ನಿಂತುಕೊಳ್ಳಿ. ಸೀಲಿಂಗ್ ಫ್ಯಾನ್ ಹಾಕಬೇಡಿ, ಅದು ಬಿದ್ದ ಧೂಳನ್ನೂ ಎಬ್ಬಿಸುತ್ತದೆ. ಕೆಲಸ ಮುಗಿದ ಮೇಲೆ ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಇಷ್ಟಾದ ಮೇಲೂ ಉಳಿಯುವ ಧೂಳಿಗೆ ಮಾಸ್ಕ್.

ಅಂಗಡಿಯಲ್ಲಿ ಏನು ಓದಬೇಕು

ಟವೆಲ್, ಕರ್ಚೀಫ್, ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್, ಪೇಂಟ್ ಅಂಗಡಿಯಲ್ಲಿ ಸಿಗುವ ಒಂದೇ ರಬ್ಬರ್ ದಾರದ ತೆಳ್ಳನೆ ಬಿಳಿ ಬಟ್ಟಲು, ಇವು ಯಾವುದೂ ಈ ಕೆಲಸಕ್ಕಲ್ಲ. ಟವೆಲ್ ಒದ್ದೆ ಮಾಡಿ ಕಟ್ಟಿಕೊಂಡರೂ ಅಷ್ಟೇ.

ಕೊಳ್ಳಬೇಕಾದ್ದು ರೆಸ್ಪಿರೇಟರ್, ಅಂದರೆ ಉಸಿರು ಫಿಲ್ಟರಿನ ಮೂಲಕವೇ ಬರುವ ಹಾಗೆ ಮಾಡಿದ ಮಾಸ್ಕ್. ಅದರ ಮೇಲೆ ಮೂರು ಬಗೆಯ ಗುರುತುಗಳಲ್ಲಿ ಒಂದನ್ನು ಹುಡುಕಿ.

ನಮ್ಮ ದೇಶದ ಮಾನದಂಡ ಐಎಸ್ 9473. ಇದರಲ್ಲಿ ಎಫ್‌ಎಫ್‌ಪಿ1, ಎಫ್‌ಎಫ್‌ಪಿ2, ಎಫ್‌ಎಫ್‌ಪಿ3 ಅಂತ ಮೂರು ದರ್ಜೆ, ಜೊತೆಗೆ ಐಎಸ್‌ಐ ಗುರುತು ಇರಬೇಕು. ಯುರೋಪಿನ ಇಎನ್ 149ರಲ್ಲೂ ಇದೇ ಮೂರು ಹೆಸರು. ಅಲ್ಲಿ ಫಿಲ್ಟರ್ ಕನಿಷ್ಠ ಹಿಡಿಯಬೇಕಾದ ಪ್ರಮಾಣ 80, 94 ಮತ್ತು 99 ಶೇಕಡಾ. ನಿಯಾಶ್ ಅಂದರೆ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ. ಅದರ ಗುರುತಿನಲ್ಲಿ ಎನ್95 ಅಂದರೆ 95 ಶೇಕಡಾ, ಎನ್100 ಮತ್ತು ಪಿ100 ಅಂದರೆ 99.97 ಶೇಕಡಾ. ಎನ್ ಅಕ್ಷರದವು ಎಣ್ಣೆಯ ಹನಿಗಳಿರುವ ಗಾಳಿಗೆ ಆಗುವುದಿಲ್ಲ, ಪಿ ಅಕ್ಷರದವು ಆಗುತ್ತವೆ. ಒಣ ಮರದ ಧೂಳಿಗೆ ಎರಡೂ ಸರಿ.

ನಕಲಿ ತುಂಬಾ ಇದೆ, ಸ್ವಲ್ಪ ಕಣ್ಣಿಟ್ಟು ನೋಡಿ. ನಿಯಾಶ್ ಒಪ್ಪಿಗೆ ಪಡೆದ ಎನ್95 ಮೇಲೆ ಟಿಸಿ-84ಎ ಅಂತ ಶುರುವಾಗುವ ನಂಬರ್ ಅಚ್ಚಾಗಿರುತ್ತದೆ, ಪಟ್ಟಿಗಳು ತಲೆಯ ಹಿಂದೆ ಹೋಗುತ್ತವೆ. ಕಿವಿಗೆ ಸಿಕ್ಕಿಸುವ ಮಾಸ್ಕಿಗೆ ಎನ್95 ಅಂತ ಹೆಸರಿಟ್ಟು, ಪಕ್ಕದಲ್ಲಿ ನಿಯಾಶ್ ಅಂತ ಬರೆದಿದ್ದರೆ ಅನುಮಾನ ಪಡಿ. ಮಕ್ಕಳಿಗೂ ಆಗುತ್ತದೆ ಅಂತ ಬರೆದಿದ್ದರೆ ಕೊಳ್ಳಲೇಬೇಡಿ, ಮಕ್ಕಳ ಮಾಸ್ಕಿಗೆ ನಿಯಾಶ್ ಒಪ್ಪಿಗೆ ಕೊಡುವುದೇ ಇಲ್ಲ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಜನ ಎನ್95 ಸಾಕಾ, ಪಿ100 ಬೇಕಾ ಅಂತ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಆ 95 ಶೇಕಡಾ ಅನ್ನೋದು ಸುಮಾರು 0.3 ಮೈಕ್ರಾನ್ ಕಣಗಳ ಲೆಕ್ಕ, ಹಿಡಿಯಲು ಎಲ್ಲಕ್ಕಿಂತ ಕಷ್ಟದ ಗಾತ್ರ ಅದು. ಈ ಫಿಲ್ಟರ್ ಹಿಟ್ಟಿನ ಜರಡಿಯಂತೆ ಬರೀ ತೂತಿನ ಅಳತೆಯಿಂದ ಕೆಲಸ ಮಾಡುವುದಿಲ್ಲ. ಅದರ ಎಳೆಗಳಲ್ಲಿ ವಿದ್ಯುತ್ ಆವೇಶ ತುಂಬಿರುತ್ತದೆ, ಹತ್ತಿರ ಬಂದ ಕಣವನ್ನು ಎಳೆದುಕೊಳ್ಳುತ್ತದೆ. ಹಲವು ಮೈಕ್ರಾನ್ ಗಾತ್ರದ ಮರದ ಧೂಳನ್ನು ಎನ್95 ಇನ್ನೂ ಚೆನ್ನಾಗಿಯೇ ಹಿಡಿಯುತ್ತದೆ. ಈಗ ಮೂಗಿನ ಪಕ್ಕದ ಸಂದಿನಿಂದ ನೂರಕ್ಕೆ ಹತ್ತು ಪಾಲು ಗಾಳಿ ಒಳಗೆ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಪಿ100 ಹಾಕಿದ್ದರೂ ಆ ಹತ್ತು ಪಾಲು ಸೋಸದೆ ಬಂದೇ ಬರುತ್ತದೆ. ಸರಿಯಾಗಿ ಕೂತ ಎನ್95 ಅದಕ್ಕಿಂತ ಎಷ್ಟೋ ಮೇಲು.

ಮೂರು ಬಗೆಯ ಮಾಸ್ಕಿನಲ್ಲಿ ಯಾವುದು

ತಿಂಗಳಿಗೊಮ್ಮೆ ಒಂದು ಸ್ಟೂಲೋ ಶೆಲ್ಫೋ ಮಾಡುವವರಿಗೆ, ಅದೂ ಬಯಲಲ್ಲಿ ಕೆಲಸ ಮಾಡುವವರಿಗೆ, ತಲೆಯ ಹಿಂದೆ ಎರಡು ಪಟ್ಟಿ ಇರುವ ಎನ್95 ಅಥವಾ ಎಫ್‌ಎಫ್‌ಪಿ2 ಸಾಕು. ಎಫ್‌ಎಫ್‌ಪಿ3 ಸಿಕ್ಕರೆ ಅದನ್ನೇ ತಗೊಳ್ಳಿ. ಮುಂದೆ ಸಣ್ಣ ವಾಲ್ವ್ ಇರಲಿ. ಉಸಿರು ಬಿಟ್ಟಾಗ ಬಿಸಿ ಗಾಳಿ ಅದರಿಂದ ಹೊರಗೆ ಹೋಗುತ್ತದೆ, ಎಳೆದಾಗ ಮುಚ್ಚಿಕೊಳ್ಳುತ್ತದೆ. ಮಂಗಳೂರು, ಕಾರವಾರದ ಕಡೆಯ ಸೆಕೆಯಲ್ಲಿ ವಾಲ್ವ್ ಇಲ್ಲದ ಮಾಸ್ಕ್ ಅರ್ಧ ಗಂಟೆಗೆ ಒಳಗೆಲ್ಲ ಒದ್ದೆ, ಆಮೇಲೆ ಕೈ ತಾನಾಗೇ ಅದನ್ನು ಗಲ್ಲಕ್ಕೆ ಇಳಿಸುತ್ತದೆ. ಕೋವಿಡ್ ಕಾಲದಲ್ಲಿ ವಾಲ್ವ್ ಬೇಡ ಅಂದಿದ್ದು ನಮ್ಮ ಉಸಿರು ಬೇರೆಯವರಿಗೆ ತಾಗಬಾರದು ಅಂತ. ಧೂಳಿನ ಕೆಲಸದಲ್ಲಿ ಆ ಮಾತು ಬರುವುದಿಲ್ಲ.

ವಾರವಾರ ಸ್ಯಾಂಡರ್ ಹಿಡಿಯುವವರಿಗೆ, ಎಂಡಿಎಫ್ ಅಥವಾ ಬೀಟೆ ತೇಗಗಳ ಜೊತೆ ಏಗುವವರಿಗೆ, ನಾನು ಹೇಳೋದು ಅರ್ಧಮುಖದ ರೆಸ್ಪಿರೇಟರ್. ಮೆತ್ತನೆ ರಬ್ಬರ್ ಅಥವಾ ಸಿಲಿಕೋನಿನ ಮುಖವಾಡ, ಎರಡು ಕೆನ್ನೆ ಕಡೆ ತಿರುಗಿಸಿ ಹಾಕುವ ಫಿಲ್ಟರ್. ಫಿಲ್ಟರ್ ಪಿ100 ಇರಲಿ, ಯುರೋಪಿನ ಗುರುತಿನಲ್ಲಾದರೆ ಪಿ3. ನಿಯಾಶ್ ಬಣ್ಣದ ಪ್ರಕಾರ ಪಿ100 ಕಡುಗುಲಾಬಿ. ಒಂದೆರಡು ಬಾಕ್ಸ್ ಒಳ್ಳೆಯ ಬಿಸಾಡುವ ಮಾಸ್ಕಿನ ದುಡ್ಡಿಗೆ ಇದು ಬರುತ್ತದೆ, ಮುಖವಾಡ ವರ್ಷಗಟ್ಟಲೆ ಬಾಳುತ್ತದೆ, ಫಿಲ್ಟರ್ ಮಾತ್ರ ಬದಲಿಸಬೇಕು. ನೋಡೋಕೆ ಗಾಬರಿಯಾಗುವ ಹಾಗಿದ್ದರೂ ಉಸಿರಾಡೋದು ಬಿಸಾಡುವ ಮಾಸ್ಕಿಗಿಂತ ಸಲೀಸು, ಯಾಕೆಂದರೆ ಫಿಲ್ಟರಿನ ಹರವು ಜಾಸ್ತಿ. ಬ್ರಿಟನ್ನಿನ ಸುರಕ್ಷತಾ ಇಲಾಖೆ ಧೂಳೇಳುವ ಮರಗೆಲಸಕ್ಕೆ ಹೇಳೋದೂ ಎಫ್‌ಎಫ್‌ಪಿ3 ಅಥವಾ ಪಿ3 ಫಿಲ್ಟರಿನ ಅರ್ಧಮುಖದ ಮಾಸ್ಕನ್ನೇ.

ಕೊಳ್ಳುವಾಗ ಸೈಜ್ ಕೇಳಿ. ಬಹಳ ಕಂಪನಿಗಳು ಇದನ್ನು ಸಣ್ಣ, ಮಧ್ಯಮ, ದೊಡ್ಡ ಅಂತ ಮಾಡುತ್ತವೆ. 3ಎಂ ಕಂಪನಿಯ 6000 ಸಾಲಿನಲ್ಲಿ 6100 ಸಣ್ಣದು, 6200 ಮಧ್ಯಮ, 6300 ದೊಡ್ಡದು. ನಮ್ಮ ಅಂಗಡಿಗಳಲ್ಲಿ ಸುಮ್ನೆ ಮಧ್ಯಮದ್ದನ್ನೇ ಕೈಗಿಡುತ್ತಾರೆ. ಸಣ್ಣ ಮುಖದವರು, ಅದರಲ್ಲೂ ಹೆಣ್ಣುಮಕ್ಕಳು, ಸಣ್ಣದನ್ನು ತರಿಸಿಕೊಡಿ ಅಂತ ಪಟ್ಟು ಹಿಡಿಯಿರಿ.

ಮೂರನೆಯದು ಬ್ಯಾಟರಿಯದ್ದು. ಸಣ್ಣ ಮೋಟಾರು ಫಿಲ್ಟರಿನ ಮೂಲಕ ಗಾಳಿ ಎಳೆದು ಮುಖದ ಮುಂದಿನ ಪಾರದರ್ಶಕ ಕವಚದೊಳಗೆ ಊದುತ್ತದೆ. ಬೆಲೆ ಜಾಸ್ತಿ, ತೂಕವೂ ಇದೆ. ಆದರೆ ಗಡ್ಡ ಇರುವವರಿಗೆ, ದಿನವಿಡೀ ಲೇತ್ ಮುಂದೆ ನಿಲ್ಲುವವರಿಗೆ ಇದಕ್ಕಿಂತ ಒಳ್ಳೇದಿಲ್ಲ.

ಗಡ್ಡದ ಮಾತು

ಮುಖವಾಡದ ಅಂಚು ಚರ್ಮಕ್ಕೆ ಅಂಟಬೇಕು. ನಡುವೆ ಕೂದಲಿದ್ದರೆ ಅಂಟುವುದಿಲ್ಲ, ಎರಡು ದಿನದ ಕುರುಚಲು ಗಡ್ಡವೂ ಅಡ್ಡಿಯೇ. ಮೀಸೆ ಅಂಚಿನೊಳಗೇ ಉಳಿದರೆ ಪರವಾಗಿಲ್ಲ. ಶಬರಿಮಲೆಗೆ ಮಾಲೆ ಹಾಕಿ 41 ದಿನ ಗಡ್ಡ ಬಿಡುವವರು ನಮ್ಮಲ್ಲಿ ಎಷ್ಟು ಜನ. ಆ ದಿನಗಳಲ್ಲಿ ಸ್ಯಾಂಡರ್ ಪಕ್ಕಕ್ಕಿಟ್ಟು ಉಳಿ ಹತ್ತರಿಗಳ ಕೆಲಸ ಇಟ್ಟುಕೊಳ್ಳಿ. ಉಳಿ ಮಸೆಯೋದು, ಕೀಲು ಕೂಡಿಸೋದು, ಹಲಗೆ ಅಂಟಿಸೋದು, ಧೂಳಿಲ್ಲದ ಕೆಲಸವೂ ಬೇಕಾದಷ್ಟಿದೆ. ಯಾವಾಗಲೂ ಗಡ್ಡ ಇರುವವರು ಬ್ಯಾಟರಿಯದ್ದಕ್ಕೆ ದುಡ್ಡು ಕೂಡಿಡಿ, ಅದರಲ್ಲೂ ಮುಖಕ್ಕೆ ಬಿಗಿಯಾಗಿ ಕೂರಬೇಕಾಗಿಲ್ಲದ ಸಡಿಲ ಕವಚದ್ದನ್ನೇ ನೋಡಿ.

ಹಾಕಿಕೊಂಡು ಪರೀಕ್ಷೆ ಮಾಡೋದು

ಬಿಸಾಡುವ ಮಾಸ್ಕನ್ನು ಅಂಗೈ ಮೇಲೆ ಬಟ್ಟಲಿನಂತೆ ಇಟ್ಟು, ಪಟ್ಟಿಗಳು ಕೆಳಗೆ ನೇತಾಡುವ ಹಾಗೆ ಹಿಡಿದು, ಗಲ್ಲದ ಕೆಳಗಿನಿಂದ ಮೂಗಿನ ಮೇಲಕ್ಕೆ ತನ್ನಿ. ಮೇಲಿನ ಪಟ್ಟಿ ತಲೆಯ ಹಿಂಭಾಗದ ಮೇಲುಗಡೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಎರಡೂ ಪಟ್ಟಿ ಕುತ್ತಿಗೆಗೇ ಹಾಕಿಕೊಂಡವರನ್ನು, ಕೆಳಗಿನ ಪಟ್ಟಿ ಕಿರಿಕಿರಿ ಅಂತ ಕತ್ತರಿಸಿ ಹಾಕಿದವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ತುರುಬು ಎತ್ತರಕ್ಕಿದ್ದರೆ ಮೇಲಿನ ಪಟ್ಟಿ ಸರಿಯಾಗಿ ಕೂರುವುದಿಲ್ಲ, ಜಡೆ ಕೆಳಗೆ ಬಿಡಿ. ತಲೆಗೆ ಜಾಸ್ತಿ ಎಣ್ಣೆ ಹಾಕಿದ ದಿನ ಪಟ್ಟಿ ಜಾರುತ್ತದೆ, ಅದನ್ನೂ ನೋಡಿಕೊಳ್ಳಿ. ಆಮೇಲೆ ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ಒತ್ತಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಚೂಪಾಗಿ ಎರಡೂ ಪಕ್ಕ ಸಂದು ಬಿಡುತ್ತದೆ.

ಈಗ ಎರಡೂ ಅಂಗೈಯಲ್ಲಿ ಮಾಸ್ಕ್ ಮುಚ್ಚಿ ಜೋರಾಗಿ ಉಸಿರೆಳೆಯಿರಿ. ಮಾಸ್ಕ್ ಮುಖದ ಕಡೆಗೆ ಸ್ವಲ್ಪ ಕುಗ್ಗಬೇಕು. ವಾಲ್ವ್ ಇಲ್ಲದ್ದಾದರೆ ಉಸಿರು ಬಿಟ್ಟೂ ನೋಡಿ, ಅಂಚಿನಲ್ಲಿ ಗಾಳಿ ತಾಗಬಾರದು. ಕಣ್ಣಿಗೆ ತಂಪು ಗಾಳಿ ಬಡಿದರೆ ಅಥವಾ ಕನ್ನಡಕದ ಮೇಲೆ ಮಂಜು ಕೂತರೆ ಮೂಗಿನ ಹತ್ತಿರ ಸೋರುತ್ತಿದೆ ಅಂತ ಅರ್ಥ. ಅರ್ಧಮುಖದ್ದಕ್ಕೆ ಎರಡು ಪರೀಕ್ಷೆ. ಫಿಲ್ಟರ್ ಎರಡನ್ನೂ ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆದರೆ ಮುಖವಾಡ ಕೆನ್ನೆಗೆ ಒತ್ತಿ ಹಾಗೇ ನಿಲ್ಲಬೇಕು. ಮುಂದಿನ ವಾಲ್ವ್ ಮುಚ್ಚಿ ಮೆಲ್ಲಗೆ ಉಸಿರು ಬಿಟ್ಟರೆ ಸ್ವಲ್ಪ ಉಬ್ಬಬೇಕು, ಎಲ್ಲಿಂದಲೂ ಸೋರಬಾರದು. ಹತ್ತು ಸೆಕೆಂಡಿನ ಕೆಲಸ. ಪ್ರತಿ ಸಲ ಮಾಡಿ, ನಿನ್ನೆ ಸರಿಯಿತ್ತು ಅಂತ ಬಿಡಬೇಡಿ.

ಕೆಲಸ ಮುಗಿದ ಮೇಲೆ ಕನ್ನಡಿ ನೋಡೋದನ್ನೂ ಅಭ್ಯಾಸ ಮಾಡಿಕೊಳ್ಳಿ. ಮಾಸ್ಕ್ ಮುಚ್ಚಿದ್ದ ಜಾಗದಲ್ಲಿ ಮುಖ ಸ್ವಚ್ಛವಾಗಿದ್ದು ಸುತ್ತ ಮಾತ್ರ ಧೂಳಿದ್ದರೆ ಒಳ್ಳೆಯ ಲಕ್ಷಣ. ಗೆರೆ ಕಂಡರೆ ಸೋರಿದ ದಾರಿ ಅದೇ. ಮುಂದಿನ ಸಲ ಆ ಜಾಗ ಸರಿಮಾಡಿ, ಆಗದಿದ್ದರೆ ಬೇರೆ ಆಕಾರದ ಮಾಸ್ಕ್ ನೋಡಿ. ಮೂಗು ಚಪ್ಪಟೆ ಇರುವವರಿಗೆ ಬಟ್ಟಲಿನ ಆಕಾರದ್ದಕ್ಕಿಂತ ಮಡಚುವ ಬಗೆಯದ್ದು ಹೊಂದಬಹುದು, ಕೆಲವರಿಗೆ ಉಲ್ಟಾ.

ಪಾಲಿಶ್ ಮತ್ತು ಹಳೇ ಬಣ್ಣ

ಧೂಳಿನ ಫಿಲ್ಟರ್ ಆವಿಯನ್ನು ತಡೆಯುವುದಿಲ್ಲ. ಥಿನ್ನರ್, ಎನ್‌ಸಿ ಲ್ಯಾಕರ್, ಮೆಲಮೈನ್ ಪಾಲಿಶ್ ಹೊಡೆಯುವಾಗ ಎನ್95 ಹಾಕಿಕೊಂಡು ಸುರಕ್ಷಿತ ಅಂದುಕೊಂಡವರು ತುಂಬಾ ಜನ. ವಾಸನೆ ಸಲೀಸಾಗಿ ಒಳಗೆ ಬರುತ್ತಿದ್ದರೆ ಆವಿಯೂ ಬರುತ್ತಿದೆ. ಅದಕ್ಕೆ ಸಾವಯವ ಆವಿಯ ಕಾರ್ಟ್ರಿಜ್ ಬೇಕು. ಒಳಗೆ ಇದ್ದಿಲು ಇರುತ್ತದೆ, ನಿಯಾಶ್ ಗುರುತಿನಲ್ಲಿ ಕಪ್ಪು ಪಟ್ಟಿ, ಯುರೋಪಿನದ್ದರಲ್ಲಿ ಕಂದು. ಅರ್ಧಮುಖದ್ದು ಕೊಂಡವರಿಗೆ ಇಲ್ಲಿ ಲಾಭ, ಅದೇ ಮುಖವಾಡಕ್ಕೆ ಕಾರ್ಟ್ರಿಜ್ ಬದಲಿಸಿಕೊಂಡರಾಯಿತು. ಸ್ಪ್ರೇ ಮಾಡುವುದಾದರೆ ಕಾರ್ಟ್ರಿಜ್ ಜೊತೆ ಕಣದ ಫಿಲ್ಟರೂ ಇರಬೇಕು. ಬಿಚ್ಚಿಟ್ಟ ಕಾರ್ಟ್ರಿಜ್ ಸುಮ್ನೆ ಇದ್ದರೂ ಗಾಳಿಯಲ್ಲಿನ ಆವಿ ಹೀರುತ್ತಿರುತ್ತದೆ, ಜಿಪ್ ಚೀಲದಲ್ಲಿ ಮುಚ್ಚಿಡಿ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು ಪಾಲಿಶನ್ನು ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ. ಅದರಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಆಸ್ತಮಾ ತರುತ್ತದೆ, ಕಾರ್ಟ್ರಿಜ್ ತುಂಬಿಹೋಗಿದೆ ಅಂತ ವಾಸನೆಯಿಂದ ತಿಳಿಯುವುದೂ ಇಲ್ಲ.

ಹಳೇ ಮನೆ ಕೆಡವಿದ ಕಡೆ ಒಳ್ಳೆಯ ತೇಗದ ಬಾಗಿಲು, ಕಿಟಕಿ ಸಿಗುತ್ತವೆ. ಮೇಲೆ ಪದರ ಪದರ ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇದೆ ಅಂತಲೇ ಇಟ್ಟುಕೊಳ್ಳಿ. ಒಣಗಿದ ಹಳೇ ಬಣ್ಣಕ್ಕೆ ಸ್ಯಾಂಡರ್ ಹಿಡಿಯಬೇಡಿ. ನೀರು ಚಿಮುಕಿಸಿ ಸ್ಕ್ರೇಪರಿನಲ್ಲಿ ಎಬ್ಬಿಸಿ, ಪಿ100 ಹಾಕಿಕೊಳ್ಳಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಚೂರುಗಳನ್ನು ಅದರಲ್ಲೇ ಸುತ್ತಿ ಬಿಗಿಯಾಗಿ ಕಟ್ಟಿ. ಮಕ್ಕಳು, ಬಸುರಿ ಹೆಂಗಸರು ಆ ಕಡೆ ಸುಳಿಯದ ಹಾಗೆ ನೋಡಿಕೊಳ್ಳಿ. ಅವರಿಗೆ ಸೀಸ ಮಾಡುವ ಹಾನಿ ನಮಗಿಂತ ಎಷ್ಟೋ ಜಾಸ್ತಿ.

ಇನ್ನೊಂದು ಮಾತು. ಹೃದಯದ ತೊಂದರೆ, ಆಸ್ತಮಾ, ಶ್ವಾಸಕೋಶದ ಕಾಯಿಲೆ ಇರುವವರು ಬಿಗಿಯಾದ ಮಾಸ್ಕ್ ಹಾಕಿ ದುಡಿಯುವ ಮುಂಚೆ ಡಾಕ್ಟರನ್ನು ಕೇಳಿ. ಫಿಲ್ಟರಿನ ಮೂಲಕ ಉಸಿರೆಳೆಯುವುದೂ ಒಂದು ಶ್ರಮವೇ.

ನೋಡಿಕೊಳ್ಳೋದು

ಬಿಸಾಡುವ ಮಾಸ್ಕನ್ನು ತೊಳೆಯಬೇಡಿ. ಸೋಪು ನೀರು, ಸ್ಪಿರಿಟ್, ಸ್ಯಾನಿಟೈಸರ್ ಯಾವುದೂ ಬೇಡ, ಎಳೆಗಳ ಆವೇಶ ಹೋಗಿಬಿಟ್ಟರೆ ನೋಡೋಕೆ ಹೊಸದರಂತೆ ಇದ್ದರೂ ಒಳಗೆ ಕೆಲಸ ಮಾಡುವುದಿಲ್ಲ. ಉಸಿರು ಎಳೆಯೋಕೆ ಕಷ್ಟವಾದರೆ, ಒಳಗೆ ಕೊಳೆ ಕಂಡರೆ, ಒದ್ದೆಯಾಗಿ ಆಕಾರ ಕೆಟ್ಟರೆ, ಪಟ್ಟಿ ಸಡಿಲವಾದರೆ ಬಿಸಾಡಿ. ಪಿ100 ಫಿಲ್ಟರ್ ಧೂಳಿನ ಕೆಲಸಕ್ಕೆ ಬಹಳ ಕಾಲ ಬರುತ್ತದೆ, ಉಸಿರು ಬಿಗಿಯಾಗತೊಡಗಿದಾಗ ಬದಲಿಸಿ. ಏರ್ ಗನ್ನಿನಲ್ಲಿ ಊದಿ ಸ್ವಚ್ಛ ಮಾಡಬೇಡಿ, ಎಳೆ ಹರಿಯುತ್ತದೆ. ಅರ್ಧಮುಖದ ಮುಖವಾಡವನ್ನು ಫಿಲ್ಟರ್ ಬಿಚ್ಚಿ ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ವಾಲ್ವಿನ ತೆಳ್ಳನೆ ರಬ್ಬರ್ ಬಿಲ್ಲೆ ಮಡಚಿಕೊಂಡಿದೆಯಾ, ಅದರ ಕೆಳಗೆ ಧೂಳು ಕೂತಿದೆಯಾ ನೋಡಿ. ಒಂದೇ ಒಂದು ಸಿಪ್ಪೆ ಸಿಕ್ಕಿಕೊಂಡರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ತೆಗೆಯುವ ಹೊತ್ತೂ ಮುಖ್ಯ. ಸ್ಯಾಂಡರ್ ಆಫ್ ಮಾಡಿದ ಮೇಲೆ, ಒರೆಸಿ ಮುಗಿಸಿ, ವ್ಯಾಕ್ಯೂಮ್ ಚೀಲ ಖಾಲಿ ಮಾಡಿ, ಬಟ್ಟೆ ಕೊಡವಿ, ಆಮೇಲೆ ಹೊರಗೆ ಬಂದು ಮಾಸ್ಕ್ ತೆಗೆಯಿರಿ. ಚೀಲ ಖಾಲಿ ಮಾಡುವಾಗಲೂ ತುಂಬಾ ಧೂಳು ಏಳುತ್ತದೆ.

ಮಾಸ್ಕನ್ನು ಗೋಡೆಯ ಮೊಳೆಗೆ ತೂಗುಹಾಕಬೇಡಿ, ರಾತ್ರಿಯಿಡೀ ಇಳಿಯುವ ಧೂಳು ಅದರ ಒಳಗೇ ಕೂತು, ಬೆಳಿಗ್ಗೆ ಮೊದಲ ಉಸಿರಿಗೇ ಮೂಗಿಗೆ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ನಮ್ಮ ಮನೆಯಲ್ಲಿ ಅದಕ್ಕೆ ಹಳೇ ಸಿಹಿತಿಂಡಿ ಡಬ್ಬಿ. ಕಪಾಟಿನಲ್ಲಿ ಅದನ್ನು ಸ್ಯಾಂಡರಿನ ಮುಂದೆಯೇ ಅಡ್ಡಕ್ಕೆ ಇಡುತ್ತೇನೆ. ಸ್ಯಾಂಡರ್ ಬೇಕು ಅಂದರೆ ಮೊದಲು ಡಬ್ಬಿ ಕೈಗೆ ಬರಲೇಬೇಕು.